ಸ್ಪೀಕರಿನ ಬುಡದಲ್ಲಿ

ಮಣಿಪಾಲದಿಂದ ಅಲೆವೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಶಶಿಕಲಾಳ ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು. ಒಬ್ಬ ಕಿರುಚಿಯೇ ಮಾತಾಡುತ್ತಿದ್ದ.

“ಕ್ಯಾಸೆಟ್ ತೇಯುವಷ್ಟು ಕೇಳಿದ ರಾಕ್ ಬ್ಯಾಂಡು ಮಾರಾಯ. ಗಿಟಾರಿನವನ ಬೆವರು ನನ್ನ ಮೇಲೆಯೇ ಬಿತ್ತು.”

“ಮೆಲ್ಲ ಮಾತಾಡು ಅಕ್ಷಿತ್.”

“ಎಂತ? ರಾತ್ರಿ ಸ್ಪೀಕರಿನ ಬುಡದಲ್ಲೇ ನಿಂತದ್ದಲ್ವಾ, ಕಿವಿಯಲ್ಲಿ ಇನ್ನೂ ಡ್ರಮ್ಸ್ ಉಂಟು.”

“ಮನೆಯಲ್ಲಿ ಎಂತ ಹೇಳಿದ್ದಿ?”

“ಎಂತ?”

“ಮನೆಯಲ್ಲಿ, ಮನೆಯಲ್ಲಿ.”

“ಓ. ಉದ್ಯಾವರದಲ್ಲಿ ಯಕ್ಷಗಾನ ಉಂಟು, ಬೆಳಿಗ್ಗೆ ಬರ್ತೇನೆ ಅಂತ.”

ಇಡೀ ಬಸ್ಸು ತಿರುಗಿ ನೋಡಿತು. ಶಶಿಕಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅಲೆವೂರು ಬಂತು. ಬಾಗಿಲ ಬಳಿಯ ಅಜ್ಜ ಅಕ್ಷಿತನ ಕೈ ಹಿಡಿದು ನಿಲ್ಲಿಸಿದರು.

“ಉದ್ಯಾವರದ ಯಕ್ಷಗಾನ ನಿನ್ನೆ ಅಲ್ಲ ಮಗಾ, ಇವತ್ತು ರಾತ್ರಿ.”

‘ಯಕ್ಷಗಾನ’ ಎಂಬುದೊಂದೇ ಕಿವಿಗೆ ಬಿದ್ದು ಅಕ್ಷಿತನ ಮುಖ ಅರಳಿತು.

“ಸೂಪರ್ ಇತ್ತು ಅಜ್ಜ,” ಎಂದು ಕಿರುಚಿ, ಮನೆಯ ಕಡೆಗೆ ಇಳಿದೇ ಬಿಟ್ಟ.