ಗಲ್ಲಾದ ಮೇಲೊಂದು ಕ್ಯಾಮೆರಾ

ಪಾಯಕುಂಬುಹ್ ಪೇಟೆಯ ವರ್ತಕರ ಸಂಘದ ಅಧ್ಯಕ್ಷರಾದ ಹಾಜಿ ಜಮಾಲುಸ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಅಂಗಡಿಯನ್ನು ಆಳುಗಳ ಕೈಗೆ ಬಿಟ್ಟು ಇಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿರುವ ಸಭಿಕರೇ,

ಕೆಲಸಗಾರರ ಕಳ್ಳತನ ತಡೆಯುವುದು ಹೇಗೆ ಎಂದು ಮಾತಾಡಲು ಕರೆದಿದ್ದೀರಿ. ಈ ಮಾತೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬರುವುದಿಲ್ಲ ಎಂದಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದಾಳಲ್ಲ, ನನ್ನ ತಂಗಿಯ ಮಗಳು ಯುಸ್ಮೈನಿ, ಅವಳೇ ಒತ್ತಾಯ ಮಾಡಿದಳು. “ನೀವೇ ಮಾತಾಡ್ಬೇಕು ಮಾವ, ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅವಸರ ಬೇಡ, ನಿಧಾನಕ್ಕೆ ಮಾತಾಡಿ” ಅಂದಳು.

ನಮ್ಮ ಅನ್ನದ ಹೋಟೆಲು ನಿಮಗೆ ಗೊತ್ತು. ಗಿರಾಕಿಯ ಮುಂದೆ ತಟ್ಟೆಗಳನ್ನೆಲ್ಲ ಹರಡುತ್ತೇವೆ, ಮುಟ್ಟಿದ ತಟ್ಟೆಗೆ ಮಾತ್ರ ದುಡ್ಡು. ಇಂಥ ವ್ಯಾಪಾರದಲ್ಲಿ ಕಳ್ಳನಿಗೆ ಎಷ್ಟು ದಾರಿ! ಗಲ್ಲಾದಲ್ಲಿ ದುಡ್ಡು ಕಡಿಮೆ ಬರತೊಡಗಿತು. ಕದ್ದವರು ಯಾರು? ಅಡುಗೆಯ ಸಬೀರಿನ್ ಅಲ್ಲದೆ ಇನ್ಯಾರು? ಬಾಳೆಲೆಯ ಪೊಟ್ಟಣ ಹಿಡಿದು ಹೊರಟಿದ್ದ. ತುಂಬಿದ ಹೋಟೆಲಿನಲ್ಲಿ ಕೊರಳಪಟ್ಟಿ ಹಿಡಿದೆ. “ತಳ ಹಿಡಿದಿದ್ದ ರೆಂದಾಂಗ್ ಮಾಂಸ ಯಜಮಾನ್ರೇ. ಅಮ್ಮಂಗೆ ಹಲ್ಲಿಲ್ಲ, ಮಸಾಲೆ ನೆಕ್ತಾಳೆ” ಅಂದ. ಇವತ್ತು ಮಸಾಲೆ ನೆಕ್ಕುವವರು ನಾಳೆ ಗಲ್ಲಾ ನೆಕ್ಕುವುದಿಲ್ಲವೇ? ಗಿರಾಕಿಗಳ ಎದುರಿಗೇ ಕಳ್ಳ ಎಂದು ಕೂಗಿ ಓಡಿಸಿದೆ.

ಆದರೆ ಮಹನೀಯರೇ, ಅವನು ಹೋದ ಮೇಲೂ ಗಲ್ಲಾ ತುಂಬಲಿಲ್ಲ! ಎಂಥ ಖದೀಮ ನೋಡಿ, ಹೋಟೆಲಿಗೆ ಕಾಲಿಡದೆಯೇ ಕದಿಯುತ್ತಾನೆ!

ನಗಬೇಡಿ. ಅಡುಗೆಮನೆಗೆ ಕ್ಯಾಮೆರಾ ಹಾಕಿಸಿದೆ, ಪಾತ್ರೆ ತೊಳೆಯುವಲ್ಲಿಗೂ ಹಾಕಿಸಿದೆ. ಆಗ ಈ ಹುಡುಗಿ, “ಗಲ್ಲಾದ ಮೇಲೂ ಒಂದು ಇರ್ಲಿ ಮಾವ” ಅನ್ನಬೇಕೇ! ಗಲ್ಲಾದಲ್ಲಿ ಕೂರುವವನು ಯಾರು? ನಾನು! ಸೋದರಮಾವನ ನೆತ್ತಿಯ ಮೇಲೆ ಕ್ಯಾಮೆರಾ! ಹೋಟೆಲು ಅವಳ ತಾಯಿಯದು, ಈಗ ಅವಳದು, ನಮ್ಮ ಕಟ್ಟಳೆಯೇ ಹಾಗೆ, ಒಪ್ಪಿದೆ. ಅದನ್ನು ಕಾಯುವವನು ಸೋದರಮಾವನಲ್ಲವೇ? ಬೇಲಿಗೆ ಯಾರಾದರೂ ಕಾವಲಿಡುತ್ತಾರೆಯೇ?

ಇಟ್ಟಳು. ವಾರ ಕಳೆಯುವುದರೊಳಗೆ ಕೇಳಿದಳು, “ಮಾವ, ನಿನ್ನೆ ಜೇಬಿಗೆ ಹಾಕ್ಕೊಂಡಿದ್ದು ಏನು?” ನಾನು ಸುಳ್ಳು ಹೇಳುವವನಲ್ಲ. ನನ್ನ ಹೆಂಡತಿಯ ಮನೆಗೆ ಸೂರು ಹೊದಿಸುವುದು ಬೇಡವೇ? ನನ್ನ ಮಗಳ ಮದುವೆ ಆಗುವುದು ಬೇಡವೇ? ತೆಗೆದುಕೊಂಡೆ. ಮೊದಲಿನಿಂದಲೂ ತೆಗೆದುಕೊಳ್ಳುತ್ತಿದ್ದೆ. ಆಳು ತೆಗೆದರೆ ಕಳ್ಳತನ, ಮನೆಯವರು ತೆಗೆದರೆ ಖರ್ಚು! ಇಷ್ಟೂ ತಿಳಿಯದವರು ವ್ಯಾಪಾರ ಮಾಡಬಹುದೇ?

ಇಲ್ಲಿ ಚಪ್ಪಾಳೆ ಬೀಳಬೇಕಿತ್ತು. ಇರಲಿ.

“ಬೀಗದಕೈ ಕೊಡಿ ಮಾವ” ಅಂದಳು. ಅವಳನ್ನು ಎತ್ತಿ ಆಡಿಸಿದ ಕೈಯನ್ನೇ ಕೇಳಿದ ಹಾಗಾಯಿತು ನನಗೆ. ಕೊಟ್ಟೆನೇ? ಪ್ರಾಣ ಕೊಟ್ಟೇನು, ಗಲ್ಲಾ ಬಿಡಲಾರೆ! ನೋಡಿ, ಇಲ್ಲೇ ಇದೆ, ನನ್ನ ಸೊಂಟದಲ್ಲಿ. ಸಭೆ ಮುಗಿದ ಕೂಡಲೇ ಹೋಗಿ ಅಲ್ಲೇ ಕೂರುತ್ತೇನೆ, ಯಾರು ಎಬ್ಬಿಸುತ್ತಾರೋ ನೋಡಿಯೇ ಬಿಡುತ್ತೇನೆ.

ಏನಮ್ಮ ಯುಸ್ಮೈನಿ? ಅಲ್ಲೇ ಏನು ಗೊಣಗುತ್ತೀಯೆ, ಎಲ್ಲರಿಗೂ ಕೇಳುವಂತೆ ಹೇಳು.

ಏನು? ಬೀಗ ಬದಲಾಯಿಸಿದ್ದೀಯಾ?

ಯಾವಾಗ? ಈಗಲೇ? ನಾನು ಇಲ್ಲಿ ಮಾತಾಡುತ್ತಿರುವಾಗಲೇ?

ಹಾಗಾದರೆ ಈಗ ನನ್ನ ಗಲ್ಲಾದಲ್ಲಿ ಕೂತಿರುವವನು ಯಾರು?

ಸಬೀರಿನ್...

ಚಪ್ಪಾಳೆ ಹೊಡೆಯುತ್ತಿದ್ದೀರಲ್ಲ, ಈಗ ಹೊಡೆಯುತ್ತಿದ್ದೀರಲ್ಲ! ಹೊಡೆಯಿರಿ. ಕರೆಸಿ ಮಾತಾಡಿಸಿದ್ದಕ್ಕೆ ಸಂಘಕ್ಕೂ, ನಿಧಾನಕ್ಕೆ ಮಾತಾಡಿ ಎಂದ ನನ್ನ ಸೋದರಸೊಸೆಗೂ ವಂದನೆಗಳು. ನಮಸ್ಕಾರ.