ಸೊಸೆ ಒತ್ತಿದ ಮತ

ವೋಲ್ಟಾ ಸರೋವರದ ದಂಡೆಯ ಊರಿನಲ್ಲಿ ಜಿಲ್ಲಾ ಸಭೆಯ ಚುನಾವಣೆ. ಶಾಲೆಯ ಮುಂದೆ ಮತದಾರರ ಸಾಲು ಬೆಳೆದಿತ್ತು. ಮೀನು ಮಾರುವ ಮಾವುಸಿಯ ಮುಂದೆ ಕಣ್ಣು ಕಾಣದ ಮುದುಕಿಯೊಬ್ಬಳು ಸೊಸೆ ಎನ್ಯೋನಮ್‌ಳ ತೋಳು ಹಿಡಿದು ನಿಂತಿದ್ದಳು. ಬೇಡವೆಂದರೂ ಅವರ ಮಾತು ಮಾವುಸಿಯ ಕಿವಿಗೆ ಬೀಳುತ್ತಿತ್ತು.

“ಈ ಸಲಾನೂ ಮೇಷ್ಟ್ರಿಗೇ ಹೆಬ್ಬೆಟ್ಟು ಒತ್ತು, ಎನ್ಯೋನಮ್. ಹೋದ ಸಲ ಪಾಪ, ಸೋತೋದ್ರು.”

“ಈ ಸಲ ನೀವೇ ಒತ್ತಿ ಅತ್ತೆ. ಬೆರಳಲ್ಲಿ ಮುಟ್ಟಿ ತಿಳ್ಕೊಳ್ಳೋ ಹಾಳೆ ಇದೆ. ಕೇಳಿದ್ರೆ ಕೊಡಲೇಬೇಕು.”

“ನೀನಿರುವಾಗ ಅದ್ಯಾಕೆ? ನಂಬಿಕೆಯವರನ್ನ ಒಳಗೆ ಕರ್ಕೊಂಡು ಹೋಗಬಹುದು ಅಂತ ರೇಡಿಯೋದಲ್ಲೇ ಹೇಳಿದ್ರಲ್ಲ.”

“ನಂಬಿಕೆಯವರನ್ನ, ಅತ್ತೆ.” ಸೊಸೆಯ ದನಿ ಇಳಿಯಿತು. “ಹೋದ ಸಲ ನಾನು ಮೇಷ್ಟ್ರ ಎದುರು ನಿಂತಿದ್ದ ನಮ್ಮಣ್ಣನಿಗೆ ಒತ್ತಿಬಿಟ್ಟೆ.”

ಮಾವುಸಿ ತಾನೇ ಸಿಕ್ಕಿಬಿದ್ದವಳಂತೆ ನೆಲ ನೋಡಿದಳು.

“ಮೇಷ್ಟ್ರ ಮನೆಗೇ ಹೋಗಿ, ‘ನಿಂಗೇ ಒತ್ತಿದೀನಿ ಕಣಪ್ಪಾ’ ಅಂತ ಹೇಳಿ ಬಂದಿದ್ನಲ್ಲೇ.”

“ಗೊತ್ತು ಅತ್ತೆ. ನಿಮ್ಮ ಪಕ್ಕದಲ್ಲೇ ನಿಂತಿದ್ದೆ.”

ಸಾಲು ಮುಂದೆ ಸರಿಯಿತು.

“ಬಾಗಿಲ ತನಕ ಬಾ. ಒಳಗೆ ನಾನೊಬ್ಬಳೇ ಹೋಗ್ತೀನಿ,” ಎಂದಳು ಮುದುಕಿ. ಸೊಸೆಯ ತೋಳನ್ನು ಮಾತ್ರ ಬಿಡಲಿಲ್ಲ.