ಕೇಳುವ ಮೊದಲೇ ಕೊಟ್ಟವನು

ನಿನ್ನೆ ಇದೇ ಹೊತ್ತಿನಲ್ಲಿ ದಾನದ ಮಾತಾಡಿದೆವು. ಬೇಡುವವನು ಬಾಯಿ ತೆರೆಯುವ ಮೊದಲೇ ಕೊಡುವುದು ಉತ್ತಮ ದಾನ ಅಂದಾಗ ನೀವೆಲ್ಲ ತಲೆದೂಗಿದಿರಿ. ಮುಂದಿನ ಸಾಲಿನ ಯಜಮಾನರಂತೂ ಕಣ್ಣೊರೆಸಿಕೊಂಡರು. ಸಂತೋಷ. ಆದರೆ ಉಪ್ಪು ಒಳ್ಳೆಯದು ಅಂತ ಪಾಯಸಕ್ಕೆ ಸುರಿಯುತ್ತೀರಾ? ಇಲ್ಲ. ಒಳ್ಳೆಯದಕ್ಕೂ ಒಂದು ಜಾಗ ಅಂತ ಇರುತ್ತದೆ. ಆ ಜಾಗ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಇವತ್ತೊಂದು ದೃಷ್ಟಾಂತ.

ಒಂದು ಪೇಟೆ ಅಂತ ಇಟ್ಟುಕೊಳ್ಳಿ. ಅಲ್ಲಿ ಎಣ್ಣೆ ಗಿರಣಿಯ ಸಾಹುಕಾರ ಒಬ್ಬ. ಹೆಸರು ಬೇಡ. ಹೆಸರು ಹೇಳಿದರೆ ನೀವು "ಅವರಾ?" ಅಂತ ಪಕ್ಕದವರ ಮುಖ ನೋಡುತ್ತೀರಿ, ಕಥೆ ಅಲ್ಲಿಗೇ ನಿಲ್ಲುತ್ತದೆ.

ಈ ಸಾಹುಕಾರನಿಗೆ ಅವನ ತಂದೆ ಒಂದು ಪಾಠ ಹೇಳಿಕೊಟ್ಟಿದ್ದ. "ಮನುಷ್ಯನನ್ನ ಬೇಡೋ ಸ್ಥಿತಿಗೆ ತರಬೇಡ ಮಗ. ಅವನ ಬಾಯಿ ತೆರೆಯೋ ಮುಂಚೆ ನಿನ್ನ ಕೈ ತೆರೀಲಿ." ಎಂಥ ಚೆಂದದ ಮಾತು ನೋಡಿ! ಸಾಹುಕಾರ ಅದನ್ನು ಮಂತ್ರದ ಹಾಗೆ ನಡೆಸಿಕೊಂಡು ಬಂದ. ಗಿರಣಿಯ ಆಳಿನ ಮನೆಯಲ್ಲಿ ಮದುವೆ ಅಂದರೆ ಚಪ್ಪರ ಹಾಕುವ ಮೊದಲೇ ಎಣ್ಣೆ ಡಬ್ಬ ಹೋಗಿರುತ್ತಿತ್ತು. ಬಾಗಿಲಿಗೆ ಬಂದವರು ಬಾಯಾರಿಕೆ ಅನ್ನುವಷ್ಟರಲ್ಲಿ ಬೆಲ್ಲ ನೀರು ಎದುರಿಗಿರುತ್ತಿತ್ತು.

ಇಲ್ಲಿಯವರೆಗೆ ಸರಿ. ಆದರೆ ಕೈಗೆ ಕಣ್ಣಿಲ್ಲ ನೋಡಿ. ಮದುವೆ ಮನೆಗೆ ಚಾಚಿದ ಕೈಯೇ ಕಚೇರಿಗೂ ಚಾಚಿತು. ಕರೆಂಟಿನವರು ಮೀಟರ್ ನೋಡಲು ಬಂದರೆ ಒಂದು ಕವರು. ತೂಕದ ಇನ್‌ಸ್ಪೆಕ್ಟರು ಬಂದರೆ ಇನ್ನೊಂದು. "ಪಾಪ, ಅವರಾದರೂ ಹೇಗೆ ಬಾಯಿಬಿಟ್ಟು ಕೇಳ್ತಾರೆ?" ಅನ್ನುತ್ತಿದ್ದ. ಅದಕ್ಕೆ ಅವನು ಇಟ್ಟ ಹೆಸರು ಮರ್ಯಾದೆ. ಲಂಚ ಅನ್ನುವ ಶಬ್ದ ಆ ಮನೆಯಲ್ಲಿ ಯಾರೂ ಆಡಿದ್ದೇ ಇಲ್ಲ.

ಹೀಗಿರುವಾಗ ಅವನ ಹೆಂಡತಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಕೆ ಮಲಗಿದ್ದಲ್ಲಿಂದ ಕಿಟಕಿಯ ಆಚೆ ಹೊಂಗೆಮರ ಕಾಣುತ್ತಿತ್ತು. ಅದರ ಕೆಳಗೆ ರೋಗಿಗಳ ಕಡೆಯವರು ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಮಳೆ ಬಂದರೆ ಒಲೆ ಆರುತ್ತಿತ್ತು, ಬೆಂದಷ್ಟನ್ನೇ ತಿನ್ನುತ್ತಿದ್ದರು. ಆಕೆ ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: "ಆಸ್ಪತ್ರೆ ಪಕ್ಕದ ನಮ್ಮ ಖಾಲಿ ಜಾಗದಲ್ಲಿ ಅವರಿಗೊಂದು ಛತ್ರ ಕಟ್ಟಿಸಿ. ನನಗೆ ಸರ ಬೇಡ, ಬಳೆ ಬೇಡ."

ಸಾಹುಕಾರ ಅಡಿಪಾಯ ತೋಡಿಸಿದ, ಪುರಸಭೆಗೆ ಅರ್ಜಿ ಹಾಕಿದ. ಜಾಗ ನೋಡಲು ಅಧಿಕಾರಿ ಬಂದ. ಸಾಹುಕಾರನ ಹೆಂಡತಿ ಅಲ್ಲೇ ಇದ್ದಳು.

"ಮಜ್ಜಿಗೆ ತಗೊಳ್ಳಿ ಸ್ವಾಮಿ," ಅಂದಳು.

"ಮಜ್ಜಿಗೆ ಆಮೇಲೆ ಕುಡಿಯೋಣಮ್ಮ. ಏನ್ ಸಾಹುಕಾರ್ರೇ, ಇಷ್ಟು ದೊಡ್ಡ ಕಟ್ಟಡ ಎಬ್ಬಿಸ್ತಿದ್ದೀರ, ನಮ್ಮನ್ನ ಮರೆತೇಬಿಟ್ರಾ?"

"ಛತ್ರ ಸ್ವಾಮಿ ಇದು. ಬಾಡಿಗೆ ಬರೋದಲ್ಲ. ರೋಗಿಗಳ ಕಡೆಯವರಿಗೆ."

"ಪುಣ್ಯ ನಿಮಗೆ ಬರುತ್ತೆ. ನನಗೇನು ಬರುತ್ತೆ?" ಅಧಿಕಾರಿ ನಕ್ಕ. "ಒಂದು ಲಕ್ಷ ನನ್ನ ಟೇಬಲ್ಲಿಗೆ ಬಂದ ದಿನ ಲೈಸೆನ್ಸ್ ನಿಮ್ಮ ಕೈಗೆ. ಇಲ್ಲಾಂದ್ರೆ ಅವರು ಮರದ ಕೆಳಗೇ ಬೇಯಿಸ್ಕೊಳ್ಳಲಿ ಬಿಡಿ. ಇಷ್ಟು ದಿನ ಬೇಯಿಸ್ಕೊಂಡಿಲ್ವಾ?"

ಸಾಹುಕಾರನಿಗೆ ಮೈ ಉರಿಯಿತು. ಯಾಕೆ ಹೇಳಿ? ಇಷ್ಟು ವರ್ಷ ಕೊಟ್ಟಿದ್ದ, ಯಾರೂ ಅವನನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಅವನೇ ಕೇಳಲು ಬಿಟ್ಟಿರಲಿಲ್ಲ. ಕೇಳಿಸಿಕೊಂಡ ಮೇಲೆ ಅದರ ಮುಖ ಕಂಡಿತು. ಇದಾ ನಾನು ಇಷ್ಟು ದಿನ ಮರ್ಯಾದೆ ಅಂದುಕೊಂಡಿದ್ದು? ಸೀದಾ ಹೋಗಿ ಲಂಚದ ಪ್ರಕರಣ ನೋಡುವ ಪೊಲೀಸರಿಗೆ ದೂರು ಕೊಟ್ಟ.

ಪೊಲೀಸರು ಅವನ ನೋಟುಗಳಿಗೆ ಕಣ್ಣಿಗೆ ಕಾಣದ ಒಂದು ಪುಡಿ ಸವರಿದರು. ಆ ನೋಟು ಮುಟ್ಟಿದ ಕೈಯನ್ನು ಅವರ ದ್ರಾವಣದಲ್ಲಿ ಅದ್ದಿದರೆ ನೀರು ಕೆಂಪಾಗುತ್ತದೆ. ಜೊತೆಗೆ ಸಾಕ್ಷಿಯಾಗಿ ಒಬ್ಬ ಹೈಸ್ಕೂಲು ಮೇಷ್ಟ್ರನ್ನು ಕೊಟ್ಟರು. ದೊಡ್ಡ ಪೊಲೀಸಿನವರು ಒತ್ತಿ ಒತ್ತಿ ಹೇಳಿದರು: "ಅವರು ಕೇಳಬೇಕು, ಆಮೇಲೆ ನೀವು ಕೊಡಬೇಕು. ಕೇಳೋವರೆಗೂ ಜೇಬಿಗೆ ಕೈ ಹಾಕಬೇಡಿ."

ಅದೇಕೆ ಹಾಗೆ? ನೋಡಿ, ಕಾನೂನಿಗೆ ದುಡ್ಡು ಸಿಕ್ಕಿದ್ದೊಂದೇ ಸಾಲದು. ಕೊಟ್ಟ ಸಾಲ ವಾಪಸು ಬಂದದ್ದಿರಬಹುದು. ಆಗದವರು ಜೇಬಿಗೆ ತುರುಕಿದ್ದಿರಬಹುದು. ಇವನು ಕೇಳಿದನೇ, ಗೊತ್ತಿದ್ದೇ ತೆಗೆದುಕೊಂಡನೇ, ಎರಡೂ ಸಾಬೀತಾಗಬೇಕು. ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸುವ ಮೊದಲು ಅಷ್ಟಾದರೂ ಬೇಡವೇ? ಬೇಕು.

ಸಾಹುಕಾರ ಕಚೇರಿಗೆ ಹೋದ. ಮೇಷ್ಟ್ರು ಬಾಗಿಲ ಬಳಿ ನಿಂತರು. ಹೊರಗೆ ಜನ, ಒಳಗೆ ಗಡಗಡ ಫ್ಯಾನು. ಅಧಿಕಾರಿ ತಲೆಯೆತ್ತಿ, "ಬನ್ನಿ ಬನ್ನಿ, ಕೂತ್ಕೊಳ್ಳಿ," ಅಂದ. ಅಷ್ಟೇ ಅಂದದ್ದು.

ಸಾಹುಕಾರನ ಬಾಯಿಗೆ ಪೊಲೀಸರ ಮಾತು ನೆನಪಿತ್ತು. ಕೈಗೆ ಇರಲಿಲ್ಲ. ಎದುರಿಗೊಬ್ಬ ಕಾಯುತ್ತ ಕೂತಿದ್ದಾನೆ ಅಂದರೆ ಕೊಡುವುದು ಆ ಕೈಗೆ ಗೊತ್ತಿದ್ದ ಒಂದೇ ವಿದ್ಯೆ. ಅವನು ಕೂರುವ ಮೊದಲೇ ಅದು ಜೇಬಿಗೆ ಹೋಯಿತು, ಕವರು ತೆಗೆಯಿತು, ಮುಂದೆ ಚಾಚಿತು. ಎಡಗೈಯನ್ನು ಬಲಮೊಣಕೈಗೆ ತಾಗಿಸಿ, ಹಿರಿಯರಿಗೆ ಕೊಡುವ ಹಾಗೆ!

ಅಧಿಕಾರಿ ತೆಗೆದುಕೊಂಡ. ಡ್ರಾಯರಿಗೆ ಹಾಕಿದ. "ಈ ಸಲ ಬಿಸಿಲು ಜಾಸ್ತಿ ಅಲ್ವಾ ಸಾಹುಕಾರ್ರೇ?" ಅಂದ.

ಸಾಹುಕಾರ ಟವೆಲಿನಿಂದ ಮುಖ ಒರೆಸಿಕೊಂಡ. ಪೊಲೀಸರ ಜೊತೆ ಮೊದಲೇ ಮಾತಾಗಿದ್ದ ಸನ್ನೆ ಅದು. ಪೊಲೀಸರು ನುಗ್ಗಿದರು, ಕೈ ಅದ್ದಿಸಿದರು, ನೀರು ದಾಸವಾಳದ ಬಣ್ಣಕ್ಕೆ ತಿರುಗಿತು. ಪೇಟೆಯಲ್ಲಿ ಪಟಾಕಿ ಹೊಡೆದರು. "ಅವರು ಕೇಳಿದ್ದಕ್ಕೇ ಕೊಟ್ಟೆ," ಅಂತ ಸಾಹುಕಾರ ಹೇಳಿಕೆ ಬರೆಸಿದ. ಯಾವಾಗ ಕೇಳಿದರು ಅಂತ ಆ ಗದ್ದಲದಲ್ಲಿ ಯಾರೂ ಬಿಡಿಸಿ ವಿಚಾರಿಸಲಿಲ್ಲ.

ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಛತ್ರದ ಕಡತ ಸಾಕ್ಷ್ಯ ಅಂತ ಕೋರ್ಟು ಸೇರಿತು. ಅಡಿಪಾಯದಲ್ಲಿ ಪಾರ್ಥೇನಿಯಂ ಬೆಳೆಯಿತು. ಅಧಿಕಾರಿ ಬಿಡುಗಡೆಯಾದರೆ ಅದೇ ಕುರ್ಚಿಗೆ ಬರುತ್ತಾನೆ. ಆಮೇಲೆ ಆ ಜಾಗದಲ್ಲಿ ಒಂದು ಇಟ್ಟಿಗೆಯಾದರೂ ಏಳುತ್ತದೆಯೇ?

ಸಾಹುಕಾರ ಸಾಕ್ಷಿ ಹೇಳಬೇಕಾದ ಬೆಳಿಗ್ಗೆ ಕೋರ್ಟಿನ ಜಗಲಿಯಲ್ಲಿ ಅವನ ಹೆಂಡತಿಯ ತಮ್ಮ ಬಂದು ಪಕ್ಕದಲ್ಲಿ ಕೂತ.

"ಭಾವ, ಫ್ಯಾನಿನ ಸದ್ದಿಗೆ ತಮಗೇನೂ ಕೇಳಿಸಲಿಲ್ಲ ಅಂತ ಮೇಷ್ಟ್ರು ನಿನ್ನೆಯೇ ಹೇಳಿಯಾಯ್ತು. ಇನ್ನು ಗೊತ್ತಿರೋದು ನಿಮಗೆ, ಅವನಿಗೆ. 'ದುಡ್ಡು ತಂದ್ರಾ ಅಂತ ಕೇಳಿದ' ಅಂತ ಒಂದು ಮಾತು ಸೇರಿಸಿಬಿಡಿ."

"ಅವತ್ತು ಅವನು ಹಾಗನ್ನಲಿಲ್ಲವಲ್ಲಯ್ಯ."

"ಸೈಟಿನಲ್ಲಿ ಅಂದಿದ್ದನಲ್ಲ! ಆ ಮಾತನ್ನೇ ತಂದು ಈ ಕೋಣೆಯಲ್ಲಿ ಇಡಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡ್ತಾರಂತೆ. ನೀವು ಒಂದೇ ಸುಳ್ಳು ಹೇಳಿ ಒಂದು ಛತ್ರ ಕಟ್ಟಿಸಿ ಅಂದ್ರೆ, ಮುಖ ಹೀಗೆ ಮಾಡ್ತೀರಲ್ಲ!"

ಎಷ್ಟು ಸಲೀಸಾಗಿದೆ ನೋಡಿ ಮಾತು! ಕಳ್ಳ ನಿಜವಾಗಿ ಕಳ್ಳನೇ. ಕೇಳಿದ್ದು ನಿಜವಾಗಿ ಕೇಳಿದ್ದೇ. ಜಾಗ ಒಂದನ್ನು ಸ್ವಲ್ಪ ಬದಲಿಸಿದರೆ ಧರ್ಮಕ್ಕೇ ಜಯ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬೇಡ, ಗಟ್ಟಿಯಾಗಿ ಹೇಳಬೇಡಿ.

ಸಾಹುಕಾರ ಕಟಕಟೆ ಹತ್ತಿದ. ಅಧಿಕಾರಿಯ ವಕೀಲ ಎದ್ದ. "ನೇರವಾಗಿ ಹೇಳಿ. ಆ ದಿನ, ಆ ಕೋಣೆಯಲ್ಲಿ, ಇವರು ನಿಮ್ಮನ್ನು ದುಡ್ಡು ಕೇಳಿದರೋ ಇಲ್ಲವೋ?"

ಸಾಹುಕಾರನ ಕಣ್ಣ ಮುಂದೆ ಹೊಂಗೆಮರದ ಕೆಳಗಿನ ಹೊಗೆ ಬಂತು. ನಾಲಿಗೆಯ ತುದಿಗೆ ಭಾವಮೈದುನನ ಮಾತೂ ಬಂತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅವನು ಅದನ್ನು ನುಂಗಿಕೊಂಡ.

"ಇಲ್ಲ ಸ್ವಾಮಿ. ಅವರು ಕೇಳೋಕೆ ಮುಂಚೆ ನಾನೇ ಕೊಟ್ಟುಬಿಟ್ಟೆ."

ಭಾವಮೈದುನ ಹಣೆ ಚಚ್ಚಿಕೊಂಡ. ವಕೀಲನಿಗೆ ಹಬ್ಬ. ಅಲ್ಲಿಗೇ ಕೂತಿದ್ದರೆ ಅವನು ಜಾಣ. ಕೂರಲಿಲ್ಲ. "ಕೇಳದವರಿಗೆ ಯಾಕ್ರೀ ಕೊಟ್ಟಿರಿ?" ಅಂದ.

"ಮೊದಲು ಸೈಟಿಗೆ ಬಂದಾಗ ಕೇಳಿದ್ರಲ್ಲ ಸ್ವಾಮಿ. ಒಂದು ಲಕ್ಷ ಅಂತ. ಮತ್ತೆ ಬಾಯಿಬಿಡಿಸೋದು ಯಾಕೆ ಅಂತ ಕೈ ತಾನಾಗೇ ಮುಂದೆ ಹೋಯ್ತು. ಅಭ್ಯಾಸ."

"ಓಹೋ! ಈ ಕೈ ಊರಲ್ಲಿ ಇನ್ನೂ ಯಾರ್ಯಾರ ಮುಂದೆ ಹೋಗಿದೆಯೋ?"

"ಕರೆಂಟಿನವರು, ತೂಕದವರು, ತೆರಿಗೆಯವರು... ಪೂರ್ತಿ ಹೇಳೋಕೆ ಕೂತರೆ ತಮ್ಮ ಊಟಕ್ಕೆ ಹೊತ್ತಾಗುತ್ತೆ ಸ್ವಾಮಿ."

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ನ್ಯಾಯಾಧೀಶೆ ನಗಲಿಲ್ಲ. "ಇದರಿಂದ ನಿಮ್ಮ ಮೇಲೇ ತೊಂದರೆ ಬರಬಹುದು, ಗೊತ್ತೇನ್ರಿ?"

"ಗೊತ್ತು ತಾಯಿ. ನಡೆದದ್ದು ಇದೇ."

"ಕವರು ತೆಗೆದುಕೊಂಡು ಅವರು ಏನಂದರು?"

"ಈ ಸಲ ಬಿಸಿಲು ಜಾಸ್ತಿ ಅಲ್ವಾ ಅಂದ್ರು."

ಆಮೇಲೆ ಸಾಹುಕಾರನ ಹೆಂಡತಿ ಬಂದು, ಜಾಗ ನೋಡಲು ಬಂದ ದಿನ ಅಧಿಕಾರಿ ಆಡಿದ ಮಾತನ್ನು, ಮರದ ಕೆಳಗೇ ಬೇಯಿಸ್ಕೊಳ್ಳಲಿ ಅಂದದ್ದೂ ಸೇರಿ, ಕೇಳಿದ ಹಾಗೆಯೇ ಹೇಳಿದಳು. ಗಂಡನ ಪರ ಹೆಂಡತಿ ಹೇಳದೆ ಇರುತ್ತಾಳೆಯೇ ಅಂತ ವಕೀಲ ತಳ್ಳಿಹಾಕಿದ.

ತೀರ್ಪಿನ ದಿನ ಸಾಹುಕಾರ ಸೋತೆ ಅಂದುಕೊಂಡೇ ಹೋದ. ಆದರೂ ಮನೆಯಲ್ಲಿ ಹೊಟ್ಟೆ ತುಂಬ ಉಂಡಿದ್ದನಂತೆ, ಒಳಗೆ ಅಷ್ಟು ಹಗುರವಾಗಿತ್ತು. ನ್ಯಾಯಾಧೀಶೆ ಓದಿದರು: "ಒಂದು ಸುಳ್ಳು ಸೇರಿಸಿದ್ದರೆ ಈ ಸಾಕ್ಷಿಯನ್ನು ತಡೆಯುವವರು ಯಾರೂ ಇರಲಿಲ್ಲ. ತನ್ನ ಮೊಕದ್ದಮೆಗೇ ಪೆಟ್ಟಾಗುವಂಥ ನಿಜ ಹೇಳಿದವನು, ಮೊದಲ ದಿನ ಲಂಚ ಕೇಳಿದರು ಅಂದಾಗ ಅದನ್ನು ನಾನು ನಂಬುತ್ತೇನೆ. ಪತ್ನಿಯ ಮಾತೂ ಅದಕ್ಕೆ ಹೊಂದುತ್ತದೆ. ಇನ್ನು ಆರೋಪಿ. ಕೇಳದೇ ಇದ್ದವನ ಮುಂದೆ ಯಾರಾದರೂ ದುಡ್ಡು ಚಾಚಿದರೆ 'ಇದೇನಿದು?' ಅನ್ನುತ್ತಾನೆ. ಈತ ಡ್ರಾಯರಿಗೆ ಹಾಕಿ ಬಿಸಿಲಿನ ಮಾತಾಡಿದ. ಮೊದಲೇ ಕೇಳಿಟ್ಟವನು ಮಾತ್ರ ಹಾಗೆ ತೆಗೆದುಕೊಳ್ಳಬಲ್ಲ."

ಅಧಿಕಾರಿಗೆ ಶಿಕ್ಷೆಯಾಯಿತು. ಕಡತ ಪುರಸಭೆಗೆ ಮರಳಿತು. ಬೇರೆ ಅಧಿಕಾರಿ ಬಂದು ಜಾಗ ನೋಡಿ, ಮಜ್ಜಿಗೆ ಕುಡಿದು, ಶುಲ್ಕಕ್ಕೆ ರಸೀದಿ ಕೊಟ್ಟು ಲೈಸೆನ್ಸ್ ಕೊಟ್ಟ. ಛತ್ರ ಎದ್ದಿತು. ಕಥೆ ಮುಗಿಯಿತು, ನಿಮ್ಮ ಸರದಿ ಶುರುವಾಯಿತು.

ಈಗ ಹೇಳಿ, ಆ ಅಧಿಕಾರಿಯನ್ನು ಬೆಳೆಸಿದವರು ಯಾರು? ಬಾಯಿಬಿಟ್ಟು ಕೇಳುವುದಕ್ಕೆ ಎಂಥವನಿಗೂ ಒಂದು ನಾಚಿಕೆ ಇರುತ್ತದೆ. ಆ ನಾಚಿಕೆ ದೇವರು ಇಟ್ಟ ಬೇಲಿ. ನಾವು ಏನು ಮಾಡುತ್ತೇವೆ? ಅರ್ಜಿಯ ಕೆಳಗೇ ನೋಟು ಇಟ್ಟು, "ಕಾಫಿಗೆ ಸಾರ್" ಅಂತ ಹಲ್ಲು ಕಿರಿದು, ಆ ಬೇಲಿಯನ್ನು ನಾವೇ ಕಿತ್ತುಕೊಡುತ್ತೇವೆ. ಆಮೇಲೆ ಮನೆಗೆ ಬಂದು, ದೇಶ ಕೆಟ್ಟುಹೋಯ್ತು ಅಂತ ಕಾಲು ಚಾಚುತ್ತೇವೆ.

ದಾನದ ಕೈ ಚಾಚಿಯೇ ಇರಲಿ, ತಾಯಂದಿರೇ. ಹಸಿದವನು ಬಾಯಿ ತೆರೆಯುವವರೆಗೆ ಕಾಯಬೇಡಿ. ಆದರೆ ಕಚೇರಿಯ ಮೆಟ್ಟಿಲು ಹತ್ತುವಾಗ ಆ ಕೈಯನ್ನು ಕಟ್ಟಿಕೊಳ್ಳಿ. ಕುರ್ಚಿಯಲ್ಲಿ ಕೂತವನು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಕೇಳಿದರೆ, "ಯಾವುದಕ್ಕೆ ಸ್ವಾಮಿ? ರಸೀದಿ ಕೊಡ್ತೀರಾ?" ಅಂತ ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಅನ್ನಿ. ಕೆಲಸ ತಡವಾಗುತ್ತದೆ. ಆಗಲಿ. ಇನ್ನೂ ಪೀಡಿಸಿದರೆ ದೂರು ಕೊಡಿ. ಕಟಕಟೆ ಹತ್ತಬೇಕಾಗಿ ಬಂದರೆ, ನಡೆದದ್ದಕ್ಕೆ ಒಂದು ಅಕ್ಷರ ಸೇರಿಸಬೇಡಿ, ಒಂದು ಅಕ್ಷರ ಬಿಡಬೇಡಿ, ನಿಮ್ಮ ತಪ್ಪಿನ ಅಕ್ಷರವಾದರೂ ಸರಿ. ಗೆಲುವು ನಿಮ್ಮ ಜವಾಬ್ದಾರಿಯಲ್ಲ. ನಿಜ ಮಾತ್ರ ನಿಮ್ಮದು.

ನಾಳೆ ಸೋಮವಾರ. ಇಲ್ಲಿ ಕೂತವರಲ್ಲಿ ಎಷ್ಟೋ ಜನಕ್ಕೆ ಖಾತೆ ಇದೆ, ಪಿಂಚಣಿ ಇದೆ, ರೇಷನ್ ಕಾರ್ಡಿನ ಕೆಲಸ ಇದೆ. ಈಗ ಮನೆಗೆ ಹೋಗಿ, ಆ ಕಾಗದದ ಜೊತೆ ಮಡಚಿ ಇಟ್ಟುಕೊಂಡಿದ್ದೀರಲ್ಲ ಒಂದು ಕವರು, ಅದನ್ನು ಇವತ್ತೇ ಬಿಚ್ಚಿ ಖಾಲಿ ಮಾಡಿ.